ಜಿನ್ನವ್ವನ ಜರಿ ಸೀರೆ ಮತ್ತು ಮೊಬೈಲಿನ ರಾಜ

ಹುಕ್ಕೇರಿಯ ಸಾವಿತ್ರವ್ವ ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವಳು. ತಲೆಯ ಮೇಲೆ ಬುಟ್ಟಿ ಹೊತ್ತು ಮೂವತ್ತೊಂದು ವರ್ಷದಿಂದ ಹನ್ನೆರಡು ಹಳ್ಳಿ ತಿರುಗುತ್ತಾಳೆ. ಅವಳು ಯಾರದಾದರೂ ಕಟ್ಟೆಯ ಮೇಲೆ ಚೌಕಾಸಿಗೆ ಕುಳಿತರೆ ಹೆದ್ದಾರಿಯ ಲಾರಿಗಳು ಹಾರ್ನು ನಿಲ್ಲಿಸಿ ಕಿವಿಗೊಡುತ್ತವೆ. ಒಮ್ಮೆ ಒಂದು ಬಟ್ಟಲಿಗೆ ಎರಡು ಪ್ಯಾಂಟು ಗಿಟ್ಟಿಸಿದಳು. ಅದರಲ್ಲೊಂದನ್ನು ಮನೆಯ ಯಜಮಾನ ಇನ್ನೂ ತೊಟ್ಟುಕೊಂಡಿದ್ದ. ಈಗಲೂ ಆತ ಅವಳ ಕೂಗು ಕೇಳಿದರೆ ಬೆಲ್ಟು ಬಿಗಿ ಮಾಡಿಕೊಳ್ಳುತ್ತಾನಂತೆ.

ಇಂಥವಳ ಬುಟ್ಟಿಯ ಮೇಲೆ ಸೊಸೆ ವಿದ್ಯಾಳ ಕಣ್ಣು ಬಿತ್ತು. ಕಣಗಲಾ ಕಡೆಯ ಐದು ಊರುಗಳನ್ನಾದರೂ ತನಗೆ ಬಿಟ್ಟುಕೊಡಿ ಎಂದು ದೀಪಾವಳಿಯಿಂದ ಬೆನ್ನು ಹತ್ತಿದ್ದಳು. ಸಾವಿತ್ರವ್ವನಿಗೆ ಒಳಗೊಳಗೇ ಅಳುಕು: ಬುಟ್ಟಿ ಇಳಿಸಿದ ಮರುದಿನ ತಾನು ಬರೀ ಮುದುಕಿ. ಅದನ್ನು ಬಾಯಿಬಿಟ್ಟು ಹೇಳಲಾಗದೆ, ನಿನಗೆ ಚೌಕಾಸಿ ಬರುವುದಿಲ್ಲ ಎಂದಳು.

"ಬರತೈತ್ರಿ ಅತ್ತಿ. ದಿನಾ ಒಬ್ಬ ರಾಜನ ಜೋಡಿ ಮಾಡತೇನಿ," ಎಂದು ವಿದ್ಯಾ ಮೊಬೈಲು ಮುಂದಿಟ್ಟಳು.

ಅದು ರಾಜ್ಯ ಕಟ್ಟುವ ಆಟ. ಎದುರಾಳಿ ಕಂಪ್ಯೂಟರೇ ನಡೆಸುವ ರಾಜ. ಅರ್ಧ ಪರದೆ ಅವನ ಮೀಸೆಗೇ ಹೋಗಿತ್ತು. ಅವನ ಬಳಿ ಕಲ್ಲು, ವಿದ್ಯಾಳ ಬಳಿ ಜೋಳ. ಒಂದು ಬಂಡಿ ಕಲ್ಲಿಗೆ ಒಂದು ಚೀಲ ಜೋಳ ಎಂದಳು. ರಾಜ ತಲೆ ಅಲ್ಲಾಡಿಸಿದ. ಎರಡು, ಮೂರು ಎಂದು ಒಂದೊಂದೇ ಏರಿಸಿದಳು. ಏಳಕ್ಕೆ ಒಪ್ಪಿದ.

ತಾನು ಆರಕ್ಕೆ ತರುತ್ತೇನೆಂದು ಸಾವಿತ್ರವ್ವ ಸೆರಗು ಸಿಕ್ಕಿಸಿ ಕುಳಿತಳು. ರಾಜನ ಹೆಂಡಿರು ಮಕ್ಕಳ ಕ್ಷೇಮ ಕೇಳಿದಳು. ಮೀಸೆ ಹೊಗಳಿದಳು. ಸೊಸೆಯಿಂದ ಆರು ಚೀಲ ಒತ್ತಿಸಿ, ಅವನು ತಲೆ ಅಲ್ಲಾಡಿಸಿದ್ದೇ ತಡ, ಎದ್ದು ಹಿತ್ತಲಿಗೆ ನಡೆದಳು. ಹೀಗೆ ಎದ್ದು ಹೋದವಳನ್ನು ಹಿಂದಕ್ಕೆ ಕರೆಯದ ಮನೆ ಹನ್ನೆರಡು ಹಳ್ಳಿಯಲ್ಲಿರಲಿಲ್ಲ. ಎರಡು ಸಲ ಎಲೆಯಡಿಕೆ ಹಾಕಿದ್ದಾಯಿತು. ರಾಜ ಕರೆಯಲಿಲ್ಲ. ಬಂದು ನೋಡಿದರೆ ಪರದೆ ಕಪ್ಪಾಗಿತ್ತು. ಮುಖದ ಮೇಲೆ ಬಾಗಿಲು ಹಾಕಿಕೊಂಡ ಗಿರಾಕಿಯನ್ನು ಅವಳು ಕಂಡದ್ದು ಅದೇ ಮೊದಲು.

ವಿದ್ಯಾ ಬಿಡಿಸಿ ಹೇಳಿದಳು: ಅವನೊಳಗೆ ಒಂದು ಲೆಕ್ಕವಿದೆ, ಬರುವುದು ಹೋಗುವುದಕ್ಕಿಂತ ತುಸು ತೂಗಿದರೆ ಹೂಂ, ಇಲ್ಲದಿದ್ದರೆ ಊಹೂಂ. ಸಿಟ್ಟಿಲ್ಲ, ಆಸೆಯಿಲ್ಲ, ಈಗಷ್ಟೇ ಏನು ಕೇಳಿದೆವೆಂಬುದೂ ನೆನಪಿಲ್ಲ.

"ಆರಕ್ಕ ಒಲ್ಲೆ ಅಂದದ್ದು ಏಳಕ್ಕ ನೆಪ್ಪಿರಂಗಿಲ್ಲ?" ಎಂದಳು ಸಾವಿತ್ರವ್ವ. "ಹಂಗಾರ ಅವ ಗಿರಾಕಿ ಅಲ್ಲ, ತಕ್ಕಡಿ. ತಕ್ಕಡಿ ಗೆದ್ದು ಮೆರೀಬ್ಯಾಡ. ಜಿನ್ನವ್ವನ ಜರಿ ಸೀರಿ ತಂದು ತೋರಸು. ತಂದ್ರ ಕಣಗಲಾ ಹಾದಿ ನಿಂದು. ಇಲ್ಲಾಂದ್ರ ಬುಟ್ಟಿ ಸುದ್ದಿ ಎತ್ತಬ್ಯಾಡ."

ಜಿನ್ನವ್ವ ಕಣಗಲಾದ ಜೈನ ಒಕ್ಕಲು ಮನೆಯಾಕೆ. ಹುಟ್ಟಿದಾಗಲೇ ಆಕೆ ಅಳುವ ಬದಲು ಮರಾಠಿಯಲ್ಲಿ "ನಕೋ", ಬೇಡ, ಎಂದಳಂತೆ. ಅಂದಿನಿಂದ ಅದನ್ನೇ ಹೇಳಿಕೊಂಡು ಬಂದಿದ್ದಾಳೆ. ಅವಳ ಪೆಟ್ಟಿಗೆಯಲ್ಲಿದ್ದ ಹಳೆ ಜರಿ ಸೀರೆ ಒಂಬತ್ತು ವರ್ಷವಾದರೂ ಸಾವಿತ್ರವ್ವನಿಗೇ ದಕ್ಕಿರಲಿಲ್ಲ.

ಸೋಮವಾರ ಅತ್ತೆ ಎದುರು ಕಟ್ಟೆಯ ಮೇಲೆ ತುಟಿ ಹೊಲಿದುಕೊಂಡವಳಂತೆ ಕುಳಿತಳು. ಸೊಸೆ ಜಿನ್ನವ್ವನ ಅಂಗಳದಲ್ಲಿ ಬುಟ್ಟಿ ಇಳಿಸಿದಳು. ಸೀರೆಗೆ ಒಂದು ತಾಟು ಎಂದಳು. ನಕೋ. ಜೊತೆಗೊಂದು ತಂಬಿಗೆ ಇಟ್ಟಳು. ನಕೋ. ಡಬ್ಬಿ, ಬಟ್ಟಲು, ಚಮಚ, ಒಂದೊಂದೇ ಏರುತ್ತಾ ಅರ್ಧ ಬುಟ್ಟಿ ಅಂಗಳಕ್ಕೆ ಬಂತು. ಸಾವಿತ್ರವ್ವ ಸೊಸೆಯ ಸೋಲನ್ನು ಪೇಢೆಯಂತೆ ಚಪ್ಪರಿಸುತ್ತಿದ್ದಳು.

ಅಷ್ಟರಲ್ಲಿ ವಿದ್ಯಾ ಕೈ ತಡೆದಳು. ಜಿನ್ನವ್ವನ ಕಣ್ಣು ಪಾತ್ರೆಗಳ ಮೇಲಿರಲಿಲ್ಲ, ಬುಟ್ಟಿಗೆ ಹೋಗುವ ಕೈಯ ಮೇಲಿತ್ತು. ಈಕೆಗೆ ಹಿಂದೆ ಬಂದದ್ದರ ನೆನಪಿದೆ, ಮುಂದೆ ಬರುವುದರ ಆಸೆಯೂ ಇದೆ. ವಿದ್ಯಾ ಅಂಗಳದಿಂದ ಒಂದು ಚಮಚ ಎತ್ತಿ ಬುಟ್ಟಿಗೆ ಹಾಕಿದಳು.

"ಈಗ ಇಷ್ಟಕ್ಕ ಕೊಡ್ರಿ ಕಾಕೂ."

ನಾಲಗೆಯ ರೂಢಿ, ನಕೋ ಎಂದಿತು. ಬಟ್ಟಲು ಬುಟ್ಟಿಗೆ ಹೋಯಿತು. ಮತ್ತೆ ನಕೋ. ಡಬ್ಬಿ ಹೋಯಿತು. ಕೈ ತಂಬಿಗೆಗೆ ಚಾಚುವಷ್ಟರಲ್ಲಿ ಜಿನ್ನವ್ವ ಅದನ್ನು ಎರಡೂ ಕೈಯಿಂದ ಅವುಚಿಕೊಂಡಳು.

"ತಡೀಯವ್ವ. ನಕೋ ಅಂದದ್ದು ನಾ ಅಲ್ಲ, ನನ್ನ ಬಾಯಿ."

ಒಂದು ತಾಟು, ಒಂದು ತಂಬಿಗೆಗೆ ಸೀರೆ ಹೊರಬಂತು. ಅದರ ಜರಿಯ ಹೊಳಪಿಗೆ ಅಂದು ಕಣಗಲಾದಲ್ಲಿ ಅರ್ಧ ಗಂಟೆ ತಡವಾಗಿ ಕತ್ತಲಾಯಿತು.

ಬಸ್ಸಿಗೆ ಕಾಯುವಾಗ ಸಾವಿತ್ರವ್ವ ಸೀರೆಯ ಜರಿಯನ್ನು ಬೆರಳಲ್ಲಿ ಸವರಿ ನೋಡಿದಳು. ಆಮೇಲೆ ಮಡಿಸಿ ಬುಟ್ಟಿಗಿಟ್ಟಳು.

"ಕಣಗಲಾ ಹಾದಿ ನಿಂದಾತು. ಉಳದ ಏಳೂ ಊರು ತಗೋ. ಆ ಮೊಬೈಲ್ ನನಗ ಕೊಡು. ಮೀಸಿಯವನ ಜೋಡಿ ನಂದಿನ್ನೂ ಮುಗದಿಲ್ಲ."

"ತಿರಗಾಕ ಹೋದಾಗ ಫೋನ್ ನನಗ ಬೇಕಲ್ರಿ ಅತ್ತಿ."

"ಆರು ಊರು."

ವಿದ್ಯಾ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮತ್ತೊಂದು ಇಳಿಸಿದಳು.

"ಐದು."

ನಾಲ್ಕು ಎನ್ನುವ ಮೊದಲೇ ಮೊಬೈಲು ಅತ್ತೆಯ ಮಡಿಲಲ್ಲಿತ್ತು. ಹೀಗೆ ಸೊಸೆಗೆ ಹತ್ತು ಊರಾದವು; ಸಾವಿತ್ರವ್ವನಿಗೆ ಎರಡು ಊರು ಮತ್ತು ಒಬ್ಬ ರಾಜ.