ನಾನು ಹೇಳಿಕೊಟ್ಟ ‘ಹಾರ್ಡ್ಲಿ’

ಆ ಪದದ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೂ ನಸ್ರೀನಳಿಗೆ ತಪ್ಪು ಹೇಳಿಕೊಟ್ಟೆ.

ಅವಳು ರಾಮನಗರದವಳು, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರ ಮನೆಯ ಹುಡುಗಿ. ನಾನು ತಿಪ್ಪಸಂದ್ರದಿಂದ ಬಂದು ಅಲ್ಲೇ ಸೋದರಮಾವನ ಮನೆಯಲ್ಲಿದ್ದವಳು. ಪಿಯುಸಿ ಮುಗಿಸಿ ಇಬ್ಬರೂ ಒಂದೇ ಟ್ಯುಟೋರಿಯಲ್‌ನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದೆವು. ಒಂದು ಖಾಸಗಿ ಶಾಲೆಯಲ್ಲಿ ಕ್ಲರ್ಕ್ ಕೆಲಸ ಖಾಲಿಯಿದೆಯೆಂದು ಇಬ್ಬರೂ ಅರ್ಜಿ ಹಾಕಿದೆವು. ಇದ್ದದ್ದು ಒಂದೇ ಜಾಗ. ಅದು ಸಿಗದಿದ್ದರೆ ಊರಿಗೆ ವಾಪಸ್ಸು, ಮದುವೆ—ಮಾವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಸಂದರ್ಶನದ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನಸ್ರೀನ್ ನನ್ನ ಕೈ ಹಿಡಿದಳು.

“ಕಷ್ಟಪಟ್ಟು ಕೆಲ್ಸ ಮಾಡ್ತೀನಿ ಅನ್ನೋಕೆ ಹಾರ್ಡ್ ಅನ್ಲಾ, ಹಾರ್ಡ್ಲಿ ಅನ್ಲಾ?”

ಹಾರ್ಡ್ಲಿ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮೇಷ್ಟ್ರು ಅದನ್ನು ಬಿಡಿಸಿ ಹೇಳಿದ ದಿನ ಅವಳು ಕ್ಲಾಸಿಗೆ ಬಂದಿರಲಿಲ್ಲ. ನಾನು ಬಂದಿದ್ದೆ. ಆದರೂ—

“ಹಾರ್ಡ್ಲಿ ಅನ್ನು ಕಣೇ. ಕ್ವಿಕ್‌ಗೆ ಕ್ವಿಕ್ಲಿ ಅಂತೀವಲ್ಲ, ಅಂಗೇಯ. ‘ಐ ಹಾರ್ಡ್ಲಿ ವರ್ಕ್’ ಅನ್ನು.”

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅವಳು ಅದನ್ನೇ ಹೇಳಿದ್ದು ನನಗೆ ಕೇಳಿಸಿತು—ಗಟ್ಟಿಯಾಗಿ, ಧೈರ್ಯದಿಂದ. ಒಳಗಿದ್ದವರೆಲ್ಲ ನಕ್ಕರು.

ಹೊರಗೆ ಬಂದವಳೇ, “ನಕ್ಬುಟ್ರು ಕಣೇ... ಯಾಕೆ?” ಎಂದಳು.

ಆಗಲಾದರೂ ಹೇಳಬಹುದಿತ್ತು. ಅವಳು ಮತ್ತೆ ಒಳಗೆ ಹೋಗಿ ತಿದ್ದಿ ಹೇಳಬಹುದಿತ್ತು. “ಗೊತ್ತಿಲ್ಲ” ಎಂದೆ. ನನ್ನ ಹೆಸರು ಕರೆದರು. ಒಳಗೆ ಹೋಗಿ ‘ಐ ವರ್ಕ್ ಹಾರ್ಡ್’ ಎಂದೆ.

ಕೆಲಸ ನನಗಾಯಿತು. ಅವಳು ಮನೆಯ ನೂಲಿನ ಕೆಲಸಕ್ಕೇ ಮರಳಿದಳು; ಮತ್ತೆ ಯಾವ ಸಂದರ್ಶನಕ್ಕೂ ಹೋಗಲಿಲ್ಲವಂತೆ.

ಮೊನ್ನೆ ಮೊನ್ನೆ ಬಸ್ ನಿಲ್ದಾಣದಲ್ಲಿ ಅವಳೇ ಗುರುತು ಹಿಡಿದು ಕೂಗಿದಳು. “ನನ್ ಮಗಳಿಗೆ ಒಸಿ ಇಂಗ್ಲಿಷ್ ಹೇಳ್ಕೊಡ್ತೀಯಾ? ಬೇರೆಯವ್ರತ್ರ ಕೇಳೋಕೆ ನಾಚ್ಕೆ ಆಯ್ತದೆ.”

ಹೋದೆ. ಹುಡುಗಿ ಪುಸ್ತಕ ತೆರೆದು ನನ್ನ ಮುಖ ನೋಡುತ್ತಾ ಕೂತಳು. ಮೊದಲ ಪದ ಹೇಳಿಕೊಡಲು ನನ್ನ ನಾಲಿಗೆ ಏಳಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಟೀ ಸೋಸುತ್ತಿದ್ದ ನಸ್ರೀನಳಿಗೆ ಎಲ್ಲವನ್ನೂ ಹೇಳಿದೆ—ಆ ಪದದ ಅರ್ಥವನ್ನೂ, ಅದು ನನಗೆ ಗೊತ್ತಿದ್ದದ್ದನ್ನೂ.

ಅವಳು ಬಯ್ಯಲಿಲ್ಲ. ಪಾತ್ರೆ ಕೆಳಗಿಟ್ಟಳು.

“ನನ್ ಮೈಮೇಲೆ ಗೂಡು ಬೇಯ್ಸೋ ವಾಸ್ನೆ ಐತೇನೋ, ಅದಕ್ಕೇ ನಕ್ರು ಅಂದ್ಕೊಂಡಿದ್ದೆ,” ಎಂದಳು. “ಇಷ್ಟು ವರ್ಷ.”

ಮಗಳನ್ನು ಕರೆದು, ಪುಸ್ತಕ ಎತ್ತಿಡು ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದೆ. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ‘ಹೋಗ್ಲಿ ಬುಡು’ ಅಂದುಬಿಡುತ್ತಿದ್ದಳು.