ಒಂದೇ ಹೆಸರಿನ ಎರಡು ಫೈಲು

ನಮ್ಮ ಮನೆಯ ಹೆಣ್ಣುಮಕ್ಕಳು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನನ್ನ ಸೋದರಮಾವ. "ಕುರಿ ಕಾಯೋ ಮನ್ಯಾಗ ಡಿಗ್ರಿ ಯಾಕ ಬೇಕು? ಟಗರಿಗಿ ಇಂಗ್ಲಿಷ್ ಕಲಸ್ತೀರೇನು?" ಎಂದು ಕಟ್ಟೆಯ ಮೇಲೆ ಕುಂತು ಎಲ್ಲರನ್ನೂ ನಗಿಸಿದ್ದರು. ನಾನು ಮತ್ತು ನನ್ನ ಕಾಕನ ಮಗಳು ಯಾಲಾಲ್ ಕಡೆಯ ಊರಿನಿಂದ ತಾಂಡೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ, ರಜೆಯಲ್ಲಿ ತೊಗರಿ ಕೊಯ್ದು, ಒಂದೇ ವರ್ಷ ಪಾಸಾದೆವು. ಮನೆತನದಲ್ಲಿ ಮೊದಲ ಪದವೀಧರರು ನಾವೇ. ಈ ಮಾತನ್ನು ನಾನು ಯಾರ ಮುಂದೆಯೂ ಸಣ್ಣ ದನಿಯಲ್ಲಿ ಹೇಳಿಲ್ಲ.

ನಮ್ಮಲ್ಲಿ ಪ್ರತಿ ಮಗನ ಮೊದಲ ಹೆಣ್ಣುಕೂಸಿಗೆ ಅಜ್ಜಿಯ ಹೆಸರಿಡುತ್ತಾರೆ. ಹಾಗಾಗಿ ನಮ್ಮಿಬ್ಬರದೂ ಒಂದೇ ಹೆಸರು, ಒಂದೇ ಅಡ್ಡಹೆಸರು, ಒಂದೇ ಊರು. ಮನೆಯಲ್ಲಿ ನಾನು ದೊಡ್ಡಾಕಿ, ಅವಳು ಸಣ್ಣಾಕಿ. ಕಾಲೇಜಿನಲ್ಲಿ ಹಾಜರಿ ಕರೆದರೆ ಇಬ್ಬರೂ ಏಳುತ್ತಿದ್ದೆವು, ಕ್ಲಾಸೆಲ್ಲ ನಗುತ್ತಿತ್ತು. ಬೇರೆ ಇದ್ದದ್ದು ಅಪ್ಪನ ಹೆಸರು ಮಾತ್ರ.

ನಾವು ಹೊರಬಿದ್ದ ಮೇಲೆ ಆ ಖಾಸಗಿ ಕಾಲೇಜು ಮುಚ್ಚಿತು. "ನಾಳೆ ಬರ್ರಿ" ಎನ್ನುತ್ತ ಅವರು ಕೊಡದೆ ಉಳಿಸಿಕೊಂಡಿದ್ದ ಸರ್ಟಿಫಿಕೇಟುಗಳನ್ನು ಬೀರುವಿನಲ್ಲೇ ಗೆದ್ದಲು ತಿಂದಿತ್ತು. ನಾನು ಜಹೀರಾಬಾದಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ದಿನ ತಳ್ಳುತ್ತಿದ್ದೆ. ಸಣ್ಣಾಕಿಗೆ ನಾರಾಯಣಖೇಡದ ವಸತಿ ಶಾಲೆಯಲ್ಲಿ ಟೀಚರ್ ಕೆಲಸ ಬಂತು. ಮರುದಿನ ಬೆಳಿಗ್ಗೆ ಸರ್ಟಿಫಿಕೇಟು ತೋರಿಸದಿದ್ದರೆ ಆ ಜಾಗ ಮುಂದಿನವರಿಗೆ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೆ ತಿಂಗಳುಗಟ್ಟಲೆ ಕಾಯಬೇಕು. ಕಾಲೇಜಿನ ಹಳೆಯ ಗುಮಾಸ್ತರು ಮಾತ್ರ ಇನ್ನೂ ಒಂದು ಕೋಣೆ ತೆರೆದಿಟ್ಟುಕೊಂಡು, ಕಾಲೇಜಿನಲ್ಲಿ ಸ್ಕ್ಯಾನ್ ಪ್ರತಿ ಉಳಿದಿದ್ದವರಿಗೆ ಪ್ರಿಂಟ್ ತೆಗೆದು ಸಹಿ, ಮೊಹರು ಹಾಕಿ ಕೊಡುತ್ತಿದ್ದರು. ಸದ್ಯಕ್ಕೆ ಅದು ನಡೆಯುತ್ತದೆ ಎಂದು ಶಾಲೆಯವರು ಹೇಳಿದ್ದರು.

ಸಣ್ಣಾಕಿಯ ತಾಯಿಯೂ, ಅಂದರೆ ನನ್ನ ಕಾಕಿಯೂ, ರೊಟ್ಟಿ ಗಂಟು ಮತ್ತು ಮಗಳ ಬಟ್ಟೆಚೀಲ ಹಿಡಿದು ನಮ್ಮ ಜೊತೆ ತಾಂಡೂರಿಗೆ ಬಂದಳು. ಅಲ್ಲಿಂದಲೇ ಅವರಿಬ್ಬರೂ ನಾರಾಯಣಖೇಡಕ್ಕೆ ಹೊರಡುವವರಿದ್ದರು.

ಆಫೀಸಿನ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋಗಿ ಉಳಿದದ್ದು ಬ್ಯಾಕಪ್ ಡಿಸ್ಕ್ ಒಂದೇ. ಅದರಲ್ಲಿ ಎಲ್ಲ ಫೈಲಿಗೂ ಬರೀ 'ಸ್ಕ್ಯಾನ್' ಎಂಬ ಹೆಸರು, ಮುಂದೊಂದು ಅಂಕಿ. ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ. ಗುಮಾಸ್ತರು ಅದನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಒಂದು ಸ್ಕ್ರಿಪ್ಟ್, ಅಂದರೆ ಹೆಸರು ಬದಲಿಸುವ ಸಣ್ಣ ಪ್ರೋಗ್ರಾಮು, ಹಚ್ಚಿದ್ದರು. ಅದು ತಾನೇ ಒಂದೊಂದು ಫೈಲು ತೆರೆದು, ವಿದ್ಯಾರ್ಥಿಯ ಹೆಸರು, ಊರು ಓದಿ, ಅದನ್ನೇ ಫೈಲಿನ ಹೆಸರಾಗಿ ಬರೆದು, ಎಂಟರ್ ಒತ್ತಿ ಹೊಸ ಫೋಲ್ಡರಿಗೆ ಸರಿಸುತ್ತಿತ್ತು.

"ನಾ ಚಹಾ ಕುಡ್ಯಾಕ ಹೋಗಿದ್ದೆ ತಂಗಿ. ಬರೋದ್ರಾಗ ಎಲ್ಲಾ ಮುಗಿಸಿ ಇಟ್ಟಿತ್ತು. ಮನುಷ್ಯಾರಿಗಿಂತ ಛಲೋ," ಎಂದರು.

ನಮ್ಮ ಹೆಸರು ಹುಡುಕಿದರು. ಒಂದೇ ಫೈಲು ಬಂತು. ತೆರೆದರು. ಅದರಲ್ಲಿದ್ದದ್ದು ನನ್ನ ಅಪ್ಪನ ಹೆಸರು.

"ಇನ್ನೊಂದು ಎಲ್ಲದ ಸರ್?" ಸಣ್ಣಾಕಿ ಕೇಳಿದಳು.

ನಾನು ಕುರ್ಚಿ ಎಳೆದುಕೊಂಡು ಸ್ಕ್ರಿಪ್ಟ್ ಓದಿದೆ. ಎರಡನೆಯ ಫೈಲಿಗೂ ಅದೇ ಹೆಸರು ಬಂದಾಗ ಕಂಪ್ಯೂಟರು ಕೇಳಿರಬೇಕು: ಈ ಹೆಸರಿನ ಫೈಲು ಆಗಲೇ ಇದೆ, ಅದನ್ನು ತೆಗೆದು ಇದನ್ನು ಇಡಲೇ? ಸ್ಕ್ರಿಪ್ಟಿಗೆ ಗೊತ್ತಿದ್ದದ್ದು ಎಂಟರ್ ಒತ್ತುವುದು. ಒತ್ತಿತ್ತು. ನನ್ನ ಸರ್ಟಿಫಿಕೇಟು ಅವಳದನ್ನು ಅಳಿಸಿ ಅಲ್ಲಿ ಕೂತಿತ್ತು.

"ಇದರದು ಇನ್ನೊಂದು ಬ್ಯಾಕಪ್ ಅದ ಏನ್ರಿ?"

"ಇದೇ ಬ್ಯಾಕಪ್ ಅಲ್ಲೇನವ್ವ."

ಅಳಿಸಿಹೋದ ಫೈಲು ಮರಳಿ ತರುವ ಸಾಫ್ಟ್‌ವೇರು ಹಾಕಿದೆ. ಅಂಗಡಿಯಲ್ಲಿ ಎಷ್ಟೋ ಜನರ ಮದುವೆ ಫೋಟೊ ಹಾಗೆ ತೆಗೆದುಕೊಟ್ಟಿದ್ದೇನೆ. ಬಿಸಿಲು ಇಳಿಯುವ ಹೊತ್ತಿಗೆ ಒಂದು ಚಿತ್ರ ಬಂತು. ಮೇಲೆ ಕಾಲೇಜಿನ ಲಾಂಛನ, ಅರ್ಧ ಸಾಲು, ಕೆಳಗೆಲ್ಲ ಬೂದು ಬಣ್ಣ. ಅದು ಅವಳದೋ ಇನ್ಯಾರದೋ, ಹೇಳಲಾಗಲಿಲ್ಲ. ಶಾಲೆಗೆ ಫೋನು ಮಾಡಿ ಇನ್ನು ನಾಲ್ಕು ದಿನ ಟೈಮು ಕೊಡಿರೆಂದು ಕೇಳಿಕೊಂಡೆ. "ಆಗಲ್ಲಮ್ಮ," ಎಂದು ಇಟ್ಟುಬಿಟ್ಟರು.

ಗುಮಾಸ್ತರು ದನಿ ತಗ್ಗಿಸಿದರು. "ಹೆಸರು, ಊರು ಎಲ್ಲಾ ಒಂದೇ ಅದ. ಇದನ್ನೇ ಒಯ್ಯಲಿ. ಯಾರು ನೋಡ್ತಾರ?"

"ನಮ್ಮಪ್ಪ ಇನ್ನಾ ಬದುಕ್ಯಾನ್ರಿ ಸರ್," ಎಂದಳು ಸಣ್ಣಾಕಿ. "ಕೆಲಸದ ಸಲುವಾಗಿ ದೊಡ್ಡಪ್ಪಗ ಅಪ್ಪ ಅನ್ಲೇನು?" ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

ಗುಮಾಸ್ತರು ನನ್ನದನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಮೊಹರು ಒತ್ತಿ ನನ್ನ ಕೈಗೆ ಕೊಟ್ಟರು. ಇದಕ್ಕಾಗಿ ಎಷ್ಟು ಸಲ ಈ ಬಾಗಿಲಿಗೆ ಬಂದಿದ್ದೆ. ಶಾಯಿ ಇನ್ನೂ ಹಸಿ ಇತ್ತು.

ಬೆಂಚಿನ ಮೇಲೆ ಕೂತಿದ್ದ ಕಾಕಿ ಮಗಳನ್ನೂ ನೋಡಿದಳು, ನನ್ನ ಕೈಯಲ್ಲಿದ್ದ ಕಾಗದವನ್ನೂ ನೋಡಿದಳು. ಬಟ್ಟೆಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು.

"ನಿಂದು ಜ್ವಾಪಾನ ಇಟ್ಕೊಳವ್ವ, ಮಡಚಬ್ಯಾಡ," ಎಂದಳು. "ನಡಿ, ಊರಿಗಿ ಯಾವ ಬಸ್ಸು ಅದ ಕೇಳು."