ಎತ್ತಿಗೊಂದು ಸೆಲ್ಯೂಟ್

ಸಿರುಗುಪ್ಪ ರಸ್ತೆಯ ಸರ್ಕಲ್ಲಿನಲ್ಲಿ ಡಾಂಬರಿನ ಡ್ರಮ್ಮು ಹತ್ತಿ ನಿಲ್ಲುವ ಟ್ರಾಫಿಕ್ ಪೇದೆ ಹಾಲಸಿದ್ದಪ್ಪ ಗಾಡಿ ಹೊಡೆಯುವವರ ಜೊತೆ ಮಾತಾಡುವುದಿಲ್ಲ, ಎತ್ತುಗಳ ಜೊತೆಗೇ ವ್ಯವಹಾರ. ಕುರುಗೋಡಿನಿಂದ ಹತ್ತಿ ಹೇರಿಕೊಂಡು ಬರುವ ಗಾಡಿಗಳಲ್ಲಿ ಎಚ್ಚರವಿರುವುದು ಎತ್ತುಗಳು ಮಾತ್ರ. ಧಣಿಗಳು ಹತ್ತಿ ತುಂಬಿದ ಅಂಡಿಗೆಯ ಮೇಲೆ ಗೊರಕೆ ಹೊಡೆಯುತ್ತಿರುತ್ತಾರೆ. “ನಿಂದ್ರಲೇ ಮಲ್ಲ, ಬಸ್ಸು ಹೋಗ್ಲಿ! ನಿಮ್ಮ ಧಣಿಗಂತೂ ಬುದ್ಧಿ ಇಲ್ಲ, ನಿನಗರ ಐತಲ್ಲ!” ಎಂದರೆ ಸಾಕು, ಎತ್ತು ಮಲ್ಲ ಗಕ್ಕನೆ ನಿಲ್ಲುತ್ತಾನೆ. ಇಷ್ಟು ದರ್ಬಾರಿನ ಮನುಷ್ಯ ರಜೆಯ ದಿನ ಪಂಚೆ ಉಟ್ಟು ಬಂದರೆ ಅದೇ ರಸ್ತೆಯನ್ನು ದಾಟಲಾರ. “ಸೀಟಿ ಇಲ್ಲಂದ್ರ ನನ್ನ ಮಾತು ಯಾರು ಕೇಳ್ತಾರ?” ಎನ್ನುತ್ತ ಲಾರಿಗಳಿಗೆ ಹೆದರಿ ಅರ್ಧ ತಾಸು ಅಂಚಿನಲ್ಲೇ ನಿಂತಿರುತ್ತಾನೆ. ಕಡೆಗೆ ಮಲ್ಲನ ಗಾಡಿ ಬರುತ್ತದೆ. ಪಂಚೆಯಲ್ಲೂ ಅವನ ಗುರುತು ಹಿಡಿದು ಮಲ್ಲ ತಾನಾಗಿಯೇ ನಿಲ್ಲುತ್ತಾನೆ, ಹಿಂದೆ ಬಸ್ಸೂ ನಿಲ್ಲುತ್ತದೆ. ಆಗ ಹಾಲಸಿದ್ದಪ್ಪ ಇನ್ಸ್‌ಪೆಕ್ಟರಿಗೂ ಹೊಡೆಯದಂಥ ಸೆಲ್ಯೂಟನ್ನು ಆ ಎತ್ತಿಗೆ ಹೊಡೆದು ರಸ್ತೆ ದಾಟುತ್ತಾನೆ.